ಹತ್ತನೇ ತರಗತಿಯ ಚಿತ್ರದಲ್ಲಿ ಹೊರಮೈ ಇಲ್ಲ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಪಾಠದಲ್ಲಿ ಹೆಣ್ಣಿನ ದೇಹದ ಒಂದು ಚಿತ್ರ ಉಂಟು. ಎರಡು ಅಂಡಾಶಯ, ಎರಡು ಅಂಡನಾಳ, ನಡುವೆ ಗರ್ಭಕೋಶ, ಅದರ ಕೆಳಗೆ ಗರ್ಭಕಂಠ, ಕೊನೆಗೆ ಯೋನಿ. ಗೆರೆಗಳು ಅಲ್ಲಿಗೆ ಮುಗಿಯುತ್ತವೆ. ‘ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆ ಬಂದರೆ ನಮ್ಮೂರ ಹುಡುಗಿಯರು ಪೆನ್ಸಿಲ್ ಚೂಪು ಮಾಡಿಕೊಂಡು ಅಂದವಾಗಿ ಬರೆದು ಪೂರ್ತಿ ಅಂಕ ತೆಗೆಯುತ್ತಾರೆ. ಆದರೆ ಆ ಐದು ಭಾಗಗಳಲ್ಲಿ ಒಂದನ್ನೂ ಅವರು ತಮ್ಮ ಮೈಯಲ್ಲಿ ಕಣ್ಣಾರೆ ಕಂಡಿರುವುದಿಲ್ಲ, ಎಲ್ಲವೂ ಒಳಗಿನವು. ಸ್ನಾನ ಮಾಡುವಾಗ ದಿನಾ ತೊಳೆಯುವ, ಉರಿ ಬಂದಾಗ ಹೆದರುವ, ಕನ್ನಡಿ ಹಿಡಿದರೆ ಕಾಣಬಹುದಾದ ಹೊರಗಿನ ಭಾಗ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ನಾನು ದಕ್ಷಿಣ ಕನ್ನಡದ ಒಂದು ತಾಲ್ಲೂಕು ಆಸ್ಪತ್ರೆಯ ಸ್ನೇಹಾ ಕ್ಲಿನಿಕ್‌ನಲ್ಲಿ ಆಪ್ತ ಸಮಾಲೋಚಕಿ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 10ರಿಂದ 19 ವರ್ಷದ ಮಕ್ಕಳಿಗಾಗಿ ಇರುವ ಕೋಣೆ ಇದು. ಕೆಲವು ದಿನ ಮಕ್ಕಳು ಇಲ್ಲಿಗೆ ಬರುತ್ತಾರೆ, ಕೆಲವು ದಿನ ನಾನೇ ಹೈಸ್ಕೂಲು, ಪಿಯು ಕಾಲೇಜುಗಳಿಗೆ ಹೋಗುತ್ತೇನೆ. ಇಲ್ಲಿ ಬರೆಯುವ ಮಕ್ಕಳ ಊರು, ವಯಸ್ಸು, ಗುರುತು ಎಲ್ಲ ಬದಲಿಸಿದ್ದೇನೆ. ಅವರ ಪ್ರಶ್ನೆಗಳನ್ನು ಮಾತ್ರ ಕೇಳಿದ ಹಾಗೆಯೇ ಇಟ್ಟಿದ್ದೇನೆ.

2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಸರ್ಕಾರ ಮುಟ್ಟಿನ ಕಪ್ (ಯೋನಿಯೊಳಗೆ ಇಟ್ಟು ರಕ್ತ ಹಿಡಿಯುವ ಮೆತ್ತನೆಯ ಪುಟ್ಟ ಬಟ್ಟಲು) ಹಂಚುವ ಯೋಜನೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತು. ಒಳ್ಳೆಯ ಯೋಜನೆ. ಒಂದು ಕಪ್ ಹಲವು ವರ್ಷ ಬಾಳುತ್ತದೆ, ಪ್ಯಾಡ್ ಸುಡುವ, ಹೂಳುವ ತೊಂದರೆ ಇಲ್ಲ. ಆದರೆ ಕಪ್ ಕೈಗೆ ಬಂದ ಮೇಲೆ ಹುಡುಗಿಯರು ಕೇಳಿದ ಪ್ರಶ್ನೆಗಳಲ್ಲಿ ನಮ್ಮ ಪಾಠದ ಬಿರುಕುಗಳೆಲ್ಲ ಕಂಡವು. “ಮೇಡಂ, ಇದನ್ನು ಹಾಕಿದ್ರೆ ಮೂತ್ರ ಹೇಗೆ ಬರ್ತದೆ?” ಎಂದು ಮೊದಲು ಕೇಳಿದವಳು ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ಅಂಕ ಪಡೆದ ಹುಡುಗಿ. ಅವಳ ಪಕ್ಕದಲ್ಲಿ ಕುಳಿತವರೆಲ್ಲ ತಲೆಯಾಡಿಸಿದರು, ಅವರ ಸಂಶಯವೂ ಅದೇ. ಮೂತ್ರ ಬರುವ ದ್ವಾರ ಬೇರೆ, ಮುಟ್ಟಿನ ರಕ್ತ ಬರುವ ದ್ವಾರ ಬೇರೆ, ಮಲ ಹೋಗುವುದು ಮೂರನೆಯದರಿಂದ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಮ್ಮಂದಿರ ಸಭೆಯಲ್ಲೂ ಇದೇ ಪ್ರಶ್ನೆ ಬಂತು. ಎರಡು ಹೆತ್ತ ತಾಯಂದಿರು, ಮನೆ ಮನೆಗೆ ಹೋಗಿ ಬಸುರಿಯರ ತೂಕ ನೋಡುವವರು, ಅವರೂ ಸುಮ್ಮನೆ ಕೇಳಿಸಿಕೊಂಡರು.

ಇನ್ನೊಂದು ಪ್ರಶ್ನೆ: “ಅದು ಹೊಟ್ಟೆಯೊಳಗೆ ಹೋಗಿಬಿಟ್ರೆ ಎಂತ ಮಾಡುವುದು?” ಇದಕ್ಕೆ ಉತ್ತರ ಹತ್ತನೇ ತರಗತಿಯ ಚಿತ್ರದಲ್ಲೇ ಉಂಟು, ಆದರೆ ಹಾಗೆ ಯಾರೂ ಓದಿಸುವುದಿಲ್ಲ. ಯೋನಿಯ ಮೇಲ್ತುದಿಯಲ್ಲಿ ಗರ್ಭಕಂಠ ಉಂಟಲ್ಲ, ಅಲ್ಲಿ ದಾರಿ ಮುಚ್ಚುತ್ತದೆ. ಗರ್ಭಕಂಠದ ಬಾಯಿ ತೀರಾ ಸಣ್ಣದು, ರಕ್ತ ಇಳಿಯುವಷ್ಟು ಮಾತ್ರ. ಹೆರಿಗೆಯ ಹೊತ್ತಿಗೆ ಅದು ಹಿಗ್ಗುತ್ತದೆಯೇ ಹೊರತು ಕಪ್ ಅದನ್ನು ದಾಟಿ ಹೋಗುವ ಮಾತೇ ಇಲ್ಲ. ಯೋನಿ ಎಂದರೆ ಮೇಲೆ ಮುಚ್ಚಿದ, ಕೆಲವೇ ಇಂಚು ಉದ್ದದ, ಹಿಗ್ಗಿ ಕುಗ್ಗುವ ಒಂದು ನಾಳ. ಅದನ್ನು ಹೇಳಿದಾಗ ಆ ಹುಡುಗಿಯರ ಮುಖದ ಬಿಗಿ ಸಡಿಲಾದದ್ದನ್ನು ನಾನು ಕಂಡಿದ್ದೇನೆ. ಹೆದರಿಕೆಯನ್ನು ಬೈದು ಓಡಿಸಲು ಆಗುವುದಿಲ್ಲ, ದೇಹ ಹೇಗೆ ಉಂಟೋ ಹಾಗೆ ತೋರಿಸಬೇಕು.

ಮೂತ್ರದ ಉರಿಯ ವಿಷಯವೂ ಇದಕ್ಕೇ ಸೇರಿದ್ದು. ಹೆಣ್ಣುಮಕ್ಕಳಲ್ಲಿ ಮೂತ್ರಕೋಶದಿಂದ ಹೊರಗೆ ಬರುವ ನಾಳ ಸುಮಾರು 4 ಸೆಂಟಿಮೀಟರ್ ಮಾತ್ರ, ಗಂಡಸರಲ್ಲಿ ಅದರ ನಾಲ್ಕೈದು ಪಟ್ಟು. ಗುದದ್ವಾರವೂ ಹತ್ತಿರದಲ್ಲೇ ಇರುವ ಕಾರಣ ಕ್ರಿಮಿಗಳಿಗೆ ದಾರಿ ಬಹಳ ಹತ್ತಿರ. ಅದಕ್ಕೇ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹಿಂದಿನಿಂದ ಮುಂದಕ್ಕಲ್ಲ. ಶಾಲೆಯ ಶೌಚಾಲಯ ಹೊಲಸು ಎಂದು ಬೆಳಗಿನಿಂದ ಸಂಜೆವರೆಗೆ ತಡೆದುಕೊಂಡು, ನೀರೂ ಕುಡಿಯದೆ ಇರುವ ಹುಡುಗಿಯರಿಗೆ ಉರಿಮೂತ್ರ ಏಕೆ ಮತ್ತೆ ಮತ್ತೆ ಬರುತ್ತದೆ ಎಂದು ಮೂರು ದ್ವಾರಗಳ ಒಂದು ಚಿತ್ರ ಹಾಕಿ ಎರಡು ನಿಮಿಷದಲ್ಲಿ ವಿವರಿಸಬಹುದು. ಆ ಚಿತ್ರ ಪುಸ್ತಕದಲ್ಲಿ ಇಲ್ಲ.

ಬಿಳಿ ಹೋಗುವುದರ ಬಗ್ಗೆಯೂ ಪುಸ್ತಕದಲ್ಲಿ ಇಲ್ಲ. ಕ್ಲಿನಿಕ್‌ಗೆ ಬರುವ ಹುಡುಗಿಯರು ಅತಿ ಹೆಚ್ಚು ಹೇಳುವ ತೊಂದರೆ ಅದು. ಮೂಳೆ ಕರಗಿ ಹೋಗುತ್ತಿದೆ ಎಂದು ಅಜ್ಜಿ ಹೇಳಿದ್ದಾರೆ, ಅದಕ್ಕೇ ಸಪೂರ ಆಗಿದ್ದೇನೆ ಎಂದು ಅಳುತ್ತಾರೆ. ತಿಂಗಳ ನಡುವೆ ಮೊಟ್ಟೆಯ ಲೋಳೆಯಂತೆ ನೂಲು ನೂಲಾಗಿ ಬರುವ ದ್ರವ ಅಂಡಾಶಯ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನುವುದರ ಗುರುತು. ತುರಿಕೆ, ದುರ್ವಾಸನೆ, ಹಸಿರು ಅಥವಾ ಹಳದಿ ಬಣ್ಣ, ಮೊಸರಿನ ಗಡ್ಡೆಯಂಥದ್ದು ಕಂಡರೆ ಆಗ ಡಾಕ್ಟರಿಗೆ ತೋರಿಸಬೇಕು. ಯೋನಿಯ ಒಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳಿದ್ದು ಅಲ್ಲಿ ಆಮ್ಲೀಯತೆಯನ್ನು ಕಾಯುತ್ತವೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಅವು ಸತ್ತು ಸೋಂಕಿಗೆ ಹಾದಿ ತೆರೆಯುತ್ತದೆ. ಹೊರಗಿನ ಭಾಗವನ್ನು ಬರೀ ನೀರಲ್ಲಿ ತೊಳೆದರೆ ಸಾಕು. ಆದರೆ ಯಾವುದು ಒಳಗು, ಯಾವುದು ಹೊರಗು ಎಂಬ ಗಡಿಯೇ ಗೊತ್ತಿಲ್ಲದವಳಿಗೆ ನಾನು ಹೇಗೆ ಹೇಳಲಿ? ಅದಕ್ಕೆ ಮೊದಲು ಹೊರಗಿನ ಚಿತ್ರ ಬರೆಯಬೇಕಾಗುತ್ತದೆ.

ಹೊರಗಿನ ಭಾಗಗಳು ಶಾಲೆಯ ಪುಸ್ತಕದಲ್ಲಿ ಎಲ್ಲೂ ಇಲ್ಲವೇ ಎಂದರೆ, ಉಂಟು, ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ. ಅಲ್ಲಿ ದೊಡ್ಡ ತುಟಿ (ಹೊರತುಟಿ), ಸಣ್ಣ ತುಟಿ (ಒಳತುಟಿ), ಕನ್ಯಾಪೊರೆ, ಸಣ್ಣ ತುಟಿಗಳು ಮೇಲೆ ಕೂಡುವಲ್ಲಿ ಇರುವ ಭಗಾಂಕುರ (ಕ್ಲಿಟೋರಿಸ್) ಎಲ್ಲದರ ಹೆಸರೂ ಬರುತ್ತದೆ. ಆದರೆ ಅದು ಸಿಗುವುದು ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ವಾಣಿಜ್ಯಕ್ಕೆ ಹೋದವಳು, ಕಲಾ ವಿಭಾಗಕ್ಕೆ ಹೋದವಳು, ಐಟಿಐ ಸೇರಿದವನು, ಹತ್ತಕ್ಕೇ ನಿಲ್ಲಿಸಿ ಗೇರುಬೀಜದ ಫ್ಯಾಕ್ಟರಿಗೆ ಹೋದವಳು, ಇವರಿಗೆಲ್ಲ ಹತ್ತನೇ ತರಗತಿಯ ಆ ಐದು ಹೆಸರುಗಳೇ ಕೊನೆ. ಡಾಕ್ಟರ್ ಆಗುವವರಿಗೆ ಮಾತ್ರ ಬೇಕಾದ ಅಂಗಗಳೇ ಇವು? ಎಲ್ಲರ ಮೈಯಲ್ಲೂ ಇರುವಂಥವು ಎಲ್ಲರ ಪುಸ್ತಕದಲ್ಲಿ ಇರಬೇಕು.

ಪಿಯುಸಿ ಪುಸ್ತಕ ಭಗಾಂಕುರವನ್ನು ಬೆರಳಿನಾಕಾರದ ಪುಟ್ಟ ರಚನೆ ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ಹೊರಗೆ ಕಾಣುವುದು ಅಷ್ಟೇ ನಿಜ. ಆದರೆ ಅದು ಇಡೀ ಅಂಗದ ತುದಿ ಮಾತ್ರ. ಮೆಲ್ಬರ್ನ್‌ನ ಮೂತ್ರಶಾಸ್ತ್ರಜ್ಞೆ ಹೆಲೆನ್ ಓಕಾನೆಲ್ ಮತ್ತವರ ಜೊತೆಯವರು ಶವಗಳನ್ನು ಕೊಯ್ದು ನೋಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಮತ್ತೆ 2005ರಲ್ಲಿ ಬರೆದ ಲೇಖನ, ಅದರ ಪೂರ್ತಿ ಆಕಾರವನ್ನು ವೈದ್ಯರ ಮುಂದೆ ಇಟ್ಟವು. ಒಳಗೆ ಒಂದು ದೇಹ, ಎಲುಬಿಗೆ ಅಂಟಿಕೊಂಡು ಎರಡೂ ಕಡೆ ಚಾಚಿದ ಎರಡು ಕಾಲು, ಯೋನಿದ್ವಾರದ ಅಕ್ಕಪಕ್ಕ ಎರಡು ಉಬ್ಬು. ಓಕಾನೆಲ್‌ಗಿಂತ ಬಹಳ ಮೊದಲೇ, 1844ರಲ್ಲಿ, ಜರ್ಮನಿಯ ಕೋಬೆಲ್ಟ್ ಇದನ್ನು ಸೂಕ್ಷ್ಮವಾಗಿ ಚಿತ್ರಿಸಿದ್ದರು. ನಂತರ ಬಂದ ಪುಸ್ತಕಗಳು ಅದನ್ನು ಕೈಬಿಟ್ಟವು. 2022ರಲ್ಲಿ ಅಮೆರಿಕದ ಓರೆಗಾನ್‌ನ ಸಂಶೋಧಕರು ಅಲ್ಲಿಗೆ ಹೋಗುವ ನರತಂತುಗಳನ್ನು ಮನುಷ್ಯರ ಅಂಗಾಂಶದಲ್ಲೇ ಎಣಿಸಿ, ಸರಾಸರಿ ಹತ್ತು ಸಾವಿರಕ್ಕೂ ಹೆಚ್ಚು ಎಂದು ಹೇಳಿದರು. ಅದುವರೆಗೆ ಎಲ್ಲರೂ ಹೇಳುತ್ತಿದ್ದ ಎಂಟು ಸಾವಿರ ಎಂಬ ಲೆಕ್ಕ ಹಸುವಿನ ಮೇಲಿನ ಅಧ್ಯಯನದಿಂದ ಬಂದದ್ದು. ಚಂದ್ರನ ಮೇಲೆ ಕಾಲಿಟ್ಟು ಅರ್ಧ ಶತಮಾನ ಕಳೆದ ಮೇಲೆ ಈ ಎಣಿಕೆ ಆಯಿತು.

ಇದನ್ನು ಮಕ್ಕಳಿಗೆ ಏಕೆ ಹೇಳಬೇಕು ಎಂದು ಒಬ್ಬರು ಮುಖ್ಯ ಶಿಕ್ಷಕರು ನನ್ನನ್ನು ನೇರವಾಗಿಯೇ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ಹೇಳಿದ್ದು: ಇದು ಮೈಯಲ್ಲಿ ಉಂಟು ಸರ್, ಅಷ್ಟೇ. ಗಂಡಿನ ಚಿತ್ರದಲ್ಲಿ ಶಿಶ್ನ ಇದೆ, ಅದಕ್ಕೆ ಸಮನಾದ ಹೆಣ್ಣಿನ ಅಂಗ ಇಲ್ಲ. ತನ್ನ ಮೈಯಲ್ಲಿ ಅಲ್ಲೊಂದು ಸಣ್ಣ ಗಂಟು ಉಂಟೆಂದು ಕಂಡು, ಕ್ಯಾನ್ಸರ್ ಇರಬಹುದೇ ಎಂದು ತಿಂಗಳುಗಟ್ಟಲೆ ನಿದ್ದೆ ಬಿಟ್ಟ ಹುಡುಗಿ ನನ್ನ ಮುಂದೆ ಕೂತಿದ್ದಾಳೆ. ಒಳತುಟಿ ಹೊರಗೆ ಕಾಣುತ್ತದೆ, ಒಂದು ಬದಿ ಉದ್ದ ಉಂಟು, ನನಗೆ ಮದುವೆ ಆಗಲಿಕ್ಕಿಲ್ಲ ಎಂದು ಹೇಳಿದವಳೂ ಕೂತಿದ್ದಾಳೆ. ಇಂಗ್ಲೆಂಡಿನಲ್ಲಿ 50 ಹೆಂಗಸರನ್ನು ಅಳೆದು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಒಳತುಟಿಯ ಅಗಲ 7 ಮಿಲಿಮೀಟರಿನಿಂದ 50 ಮಿಲಿಮೀಟರಿನವರೆಗೆ ಇತ್ತು. ಅವೆಲ್ಲ ಸಹಜವೇ. ಈ ಅಂಕಿಯನ್ನು ಹೇಳಿ ಆ ಹುಡುಗಿಯನ್ನು ನಾನು ಸಮಾಧಾನದಿಂದ ಮನೆಗೆ ಕಳಿಸಿದೆ. ಮೊಬೈಲಿನಲ್ಲಿ ನೋಡಿದ ಯಾವುದೋ ವಿಡಿಯೊದ ಜೊತೆ ಅವಳು ತನ್ನನ್ನು ಹೋಲಿಸಿಕೊಂಡಿದ್ದಳು. ಪುಸ್ತಕ ಬಿಟ್ಟ ಜಾಗವನ್ನು ಈಗ ತುಂಬುತ್ತಿರುವುದು ಅಂಥ ವಿಡಿಯೊಗಳು.

ನನಗೆ ಎಲ್ಲಕ್ಕಿಂತ ಇಷ್ಟದ ಪಾಠ ಭ್ರೂಣದ್ದು. ಹೊಟ್ಟೆಯಲ್ಲಿರುವ ಮಗುವಿನ ಹೊರ ಜನನಾಂಗ ಮೊದಲ ವಾರಗಳಲ್ಲಿ ಹೆಣ್ಣಾಗಲಿ ಗಂಡಾಗಲಿ ಒಂದೇ ತರ ಇರುತ್ತದೆ. ಒಂದು ಪುಟ್ಟ ಮೊಳಕೆ, ಅಕ್ಕಪಕ್ಕ ಮಡಿಕೆಗಳು. ಆಮೇಲೆ ಹಾರ್ಮೋನುಗಳ ಪ್ರಭಾವದಿಂದ ಅದೇ ಮೊಳಕೆ ಒಬ್ಬರಲ್ಲಿ ಭಗಾಂಕುರವಾಗುತ್ತದೆ, ಒಬ್ಬರಲ್ಲಿ ಶಿಶ್ನವಾಗುತ್ತದೆ. ಹೊರಗಿನ ಉಬ್ಬುಗಳು ಒಬ್ಬರಲ್ಲಿ ಹೊರತುಟಿ, ಇನ್ನೊಬ್ಬರಲ್ಲಿ ನಡುವೆ ಕೂಡಿಕೊಂಡು ವೃಷಣ ಚೀಲ. ಆ ಚೀಲದ ನಡುವೆ ಒಂದು ಗೆರೆ ಇರುತ್ತದಲ್ಲ, ಎರಡು ಬದಿಗಳು ಕೂಡಿದ ಗುರುತು ಅದು. ಹುಡುಗರು ಈ ಗೆರೆಯ ಬಗ್ಗೆ ಚೀಟಿಯಲ್ಲಿ ಬರೆದು ಕೇಳುತ್ತಾರೆ, ‘ಆಪರೇಷನ್ ಆದ ಹಾಗೆ ಗೆರೆ ಉಂಟು, ಸಣ್ಣವನಿರುವಾಗ ಎಂತಾದರೂ ಆಗಿದೆಯಾ?’ ಎಂದು. ಉತ್ತರ ಹೇಳಿದಾಗ ಇಡೀ ತರಗತಿ ನೆಟ್ಟಗೆ ಕೂತು ಕೇಳುತ್ತದೆ. ಕೆಲವು ಮಕ್ಕಳಲ್ಲಿ ಈ ಬೆಳವಣಿಗೆ ನಡುವಿನ ಹಾದಿಯಲ್ಲಿ ನಿಲ್ಲುತ್ತದೆ, ಅಂಥವರೂ ನಮ್ಮ ನಿಮ್ಮ ನಡುವೆಯೇ ಇದ್ದಾರೆ ಎಂದು ಹೇಳಲು ಅಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ.

ಕನ್ಯಾಪೊರೆಯ ಬಗ್ಗೆ ಪಿಯುಸಿ ಪುಸ್ತಕ ಒಂದು ದೊಡ್ಡ ಮಾತನ್ನು ಹೇಳಿದೆ, ಅದಕ್ಕೆ ನಾನು ಕೃತಜ್ಞಳು. ಸೈಕಲ್ ತುಳಿದರೆ, ಬಿದ್ದರೆ, ಆಟ ಆಡಿದರೆ ಅದು ಹರಿಯಬಹುದು, ಕೆಲವರಲ್ಲಿ ಸಂಭೋಗದ ನಂತರವೂ ಉಳಿಯಬಹುದು, ಅದು ಇದೆಯೋ ಇಲ್ಲವೋ ಎಂಬುದರಿಂದ ಯಾವುದನ್ನೂ ನಂಬಿಕೆಯಿಂದ ಹೇಳಲಾಗದು ಎನ್ನುತ್ತದೆ. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಅತ್ಯಾಚಾರಕ್ಕೊಳಗಾದವರ ಮೇಲೆ ‘ಎರಡು ಬೆರಳಿನ ಪರೀಕ್ಷೆ’ (ಯೋನಿಯೊಳಗೆ ಬೆರಳು ಹಾಕಿ ಮೊದಲೇ ಸಂಭೋಗ ಆಗಿದೆಯೇ ಎಂದು ನೋಡುವುದು) ಮಾಡುವವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕು ಎಂದಿತು, ವೈದ್ಯಕೀಯ ಪಠ್ಯದಿಂದಲೂ ಅದನ್ನು ತೆಗೆಯುವಂತೆ ನೋಡಿಕೊಳ್ಳಲು ಹೇಳಿತು. ಡಾಕ್ಟರುಗಳೇ ಅಷ್ಟು ವರ್ಷ ತಪ್ಪು ನಂಬಿಕೊಂಡು ಬಂದಿದ್ದರೆ, ಕಬಡ್ಡಿ ಆಡುವಾಗ ಬಿದ್ದು ಎರಡು ಹನಿ ರಕ್ತ ಕಂಡ ಮಗಳನ್ನು ಎಳೆದುಕೊಂಡು ಬಂದು ‘ಇವಳಿಗೆ ಸರ್ಟಿಫಿಕೇಟ್ ಕೊಡಿ’ ಎಂದ ತಾಯಿಯನ್ನು ಹೇಗೆ ದೂರುವುದು? ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಅದು ದ್ವಾರದ ಅಂಚಿನಲ್ಲಿರುವ ಮೆತ್ತನೆಯ ಅಂಗಾಂಶ, ಮುಟ್ಟಿನ ರಕ್ತ ಹೊರಗೆ ಬರಬೇಕಾದರೆ ಅದರಲ್ಲಿ ಮೊದಲೇ ತೆರವು ಇರಲೇಬೇಕಲ್ಲ ಅಕ್ಕ? ಅವರು ಸ್ವಲ್ಪ ಹೊತ್ತು ಯೋಚಿಸಿ, “ಹೌದಲ್ಲ” ಎಂದರು.

ಆ ತೆರವು ಇಲ್ಲದ ಹುಡುಗಿಯರೂ ಇರುತ್ತಾರೆ, ಅಪರೂಪಕ್ಕೆ. ಹದಿನಾಲ್ಕು ಹದಿನೈದು ಆದರೂ ಮುಟ್ಟು ಕಾಣುವುದಿಲ್ಲ, ಆದರೆ ತಿಂಗಳು ತಿಂಗಳು ಕೆಳಹೊಟ್ಟೆ ಹಿಂಡುವಂಥ ನೋವು. ರಕ್ತ ಒಳಗೇ ತುಂಬಿಕೊಳ್ಳುತ್ತಿರುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿಸುತ್ತಾರೆ, ದೈವಕ್ಕೆ ಹರಕೆ ಹೊರುತ್ತಾರೆ. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಸರಿಯಾಗುವ ಸಂಗತಿ. ಶಾಲೆಯಲ್ಲಿ ಒಂದು ವಾಕ್ಯ ಹೇಳಿದ್ದರೆ ಅವಳೇ ಬಂದು ಕೇಳುತ್ತಿದ್ದಳು.

ಹುಡುಗರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅವರಿಗೆ ಎಲ್ಲ ಗೊತ್ತಿರುತ್ತದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಅವರ ಚಿತ್ರದಲ್ಲಿ ವೃಷಣ, ವೀರ್ಯನಾಳ, ಪ್ರೋಸ್ಟೇಟ್ ಗ್ರಂಥಿ, ಶಿಶ್ನ ಎಲ್ಲ ಉಂಟು. ವೃಷಣಗಳು ದೇಹದ ಹೊರಗೆ ಏಕೆ ಇವೆ ಎಂದೂ ಪುಸ್ತಕ ಹೇಳುತ್ತದೆ, ವೀರ್ಯಾಣು ತಯಾರಾಗಲು ದೇಹಕ್ಕಿಂತ ಕಡಿಮೆ ಉಷ್ಣತೆ ಬೇಕು. ಆದರೆ ಒಂದು ಇನ್ನೊಂದಕ್ಕಿಂತ ಕೆಳಗೆ ಜೋತಿರುವುದು ಸಹಜ ಎಂದು ಹೇಳುವುದಿಲ್ಲ. ಶಿಶ್ನದ ತುದಿಯನ್ನು ಮುಚ್ಚುವ ಮುಂದೊಗಲು ಎಂಬುದೊಂದು ಇದೆ, ಅದನ್ನು ಬಲವಂತದಿಂದ ಹಿಂದೆ ಎಳೆಯಬಾರದು, ಎಳೆದದ್ದನ್ನು ಹಿಂದಿನ ಜಾಗಕ್ಕೆ ತರದೆ ಬಿಟ್ಟರೆ ಬಾತು ಸಿಕ್ಕಿಕೊಳ್ಳಬಹುದು ಎಂದು ಹೇಳುವುದಿಲ್ಲ. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಹೋಗುವುದಿಲ್ಲ ಎಂದೂ ಹೇಳುವುದಿಲ್ಲ. ಅದನ್ನು ಬಸ್‌ಸ್ಟ್ಯಾಂಡಿನ ಗೋಡೆಯ ‘ಗುಪ್ತರೋಗ’ ಜಾಹೀರಾತುಗಳು ತಮಗೆ ಬೇಕಾದ ಹಾಗೆ ಹೇಳುತ್ತವೆ.

ಮತ್ತೆ, ವೃಷಣ ತಿರುಚಿಕೊಳ್ಳುವುದು. ಇದನ್ನು ಬರೆಯಲೆಂದೇ ನಾನು ಕುಳಿತೆ ಎಂದರೂ ತಪ್ಪಿಲ್ಲ. ಪ್ರತಿ ವೃಷಣವೂ ಒಂದು ಬಳ್ಳಿಯಲ್ಲಿ ತೂಗುತ್ತಿರುತ್ತದೆ, ಅದರೊಳಗೇ ರಕ್ತನಾಳಗಳಿವೆ. ಬಾವಿಯ ಹಗ್ಗ ಸುತ್ತಿಕೊಂಡ ಹಾಗೆ ಆ ಬಳ್ಳಿ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಯಾವ ವಯಸ್ಸಿನಲ್ಲೂ ಆಗಬಹುದು, ಹೆಚ್ಚಾಗಿ 12ರಿಂದ 18 ವರ್ಷದೊಳಗೆ, ಎಷ್ಟೋ ಸಲ ನಿದ್ದೆಯಲ್ಲಿ. ಹಠಾತ್ತನೆ ತಡೆಯಲಾಗದ ನೋವು, ವಾಂತಿ, ಕೆಲವರಿಗೆ ಕೆಳಹೊಟ್ಟೆಯಲ್ಲೇ ನೋವು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಬಹುತೇಕ ಉಳಿಯುತ್ತದೆ. ಹೊತ್ತು ಕಳೆದಂತೆ ಆಸೆ ಕಡಿಮೆಯಾಗುತ್ತದೆ, ಒಂದು ದಿನ ದಾಟಿದರೆ ತೆಗೆಯಬೇಕಾಗುವುದೇ ಹೆಚ್ಚು.

ಹಾಸ್ಟೆಲಿನ ಒಬ್ಬ ಹುಡುಗ ರಾತ್ರಿ ನೋವು ಶುರುವಾದಾಗ ವಾರ್ಡನ್ ಹತ್ತಿರ “ಹೊಟ್ಟೆನೋವು ಸರ್” ಎಂದ. ಜೀರಿಗೆ ಕಷಾಯ ಕೊಟ್ಟರು. ಬೆಳಿಗ್ಗೆಯೂ ಹೊಟ್ಟೆನೋವು ಎಂದೇ ಹೇಳಿದ, ಗ್ಯಾಸಿನ ಮಾತ್ರೆ ಸಿಕ್ಕಿತು. ಮನೆಗೆ ಹೋಗಿ ಅಪ್ಪನಿಗೆ ಹೇಳುವಾಗ ಇನ್ನೊಂದು ರಾತ್ರಿ ಕಳೆದಿತ್ತು. ಮಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಆ ವೃಷಣ ಸತ್ತಿತ್ತು. ಇನ್ನೊಂದು ಚೆನ್ನಾಗಿದೆ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆ ಆಗುವ ಸಾಧ್ಯತೆ ಕಡಿಮೆ ಎಂದು ಹೇಳಿ ಧೈರ್ಯ ತುಂಬಲು ಅವನನ್ನು ನನ್ನ ಹತ್ತಿರ ಕಳಿಸಿದರು. ಮಾತಿನ ನಡುವೆ ಅವನೇ ಹೇಳಿದ, ಆ ವಾರವೇ ಕಿರುಪರೀಕ್ಷೆಯಲ್ಲಿ ಗಂಡಿನ ಚಿತ್ರ ಬಂದಿತ್ತಂತೆ. ‘ವೃಷಣ’ ಎಂದು ಗೆರೆ ಎಳೆದು ಬರೆದಿದ್ದ. “ಅಲ್ಲಿ ನೋವಾದ್ರೆ ಹೇಳ್ಬೇಕು ಅಂತ ಯಾರೂ ಹೇಳ್ಲಿಲ್ಲ ಮೇಡಂ” ಎಂದ. ಅವನ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಹುಡುಗರ ಪೋಷಕರು ಇದನ್ನು ಓದುತ್ತಿದ್ದರೆ ಇವತ್ತೇ ಮಗನಿಗೆ ಹೇಳಿ: ಅಲ್ಲಿ ಹಠಾತ್ತನೆ ನೋವು ಬಂದರೆ ಅರ್ಧರಾತ್ರಿಯಾದರೂ ಎಬ್ಬಿಸು, ನಾಚಬೇಡ. ವಾರ್ಡನ್‌ಗಳೂ ಹೊಟ್ಟೆನೋವು ಎಂದು ಬಂದ ಹುಡುಗನನ್ನು ‘ಕೆಳಗೆ ನೋವು ಉಂಟಾ?’ ಎಂದು ಒಂದು ಮಾತು ಕೇಳಬೇಕು.

ಕಾನೂನು ಈ ವಿಷಯದಲ್ಲಿ ಪಠ್ಯಪುಸ್ತಕಕ್ಕಿಂತ ಮುಂದೆ ಹೋಗಿದೆ. 2012ರ ಪೋಕ್ಸೊ ಕಾಯ್ದೆಯ 3ನೇ ಸೆಕ್ಷನ್ ಯೋನಿ, ಬಾಯಿ, ಮೂತ್ರದ್ವಾರ, ಗುದದ್ವಾರ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಅತ್ಯಾಚಾರದ ವ್ಯಾಖ್ಯೆಗೆ 2013ರಲ್ಲಿ ಸೇರಿದ ವಿವರಣೆ, ಯೋನಿ ಎಂದರೆ ಹೊರತುಟಿಯನ್ನೂ ಒಳಗೊಳ್ಳುತ್ತದೆ ಎನ್ನುತ್ತದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಅದು ಹಾಗೇ ಉಂಟು. ಅಂದರೆ ತನಗೆ ಏನಾಯಿತು, ಎಲ್ಲಿ ಆಯಿತು ಎಂದು ಒಂದು ಮಗು ಹೇಳುವಾಗ ಈ ಅಂಗಗಳು ಬೇರೆ ಬೇರೆ ಎಂದು ಅದಕ್ಕೆ ಗೊತ್ತಿರಬೇಕಾಗುತ್ತದೆ. ಎಲ್ಲದಕ್ಕೂ ‘ಅಲ್ಲಿ’, ‘ಕೆಳಗೆ’, ‘ಮೂತ್ರ ಮಾಡುವಲ್ಲಿ’ ಎಂದು ಮಾತ್ರ ಹೇಳಲು ಕಲಿಸಿದ ಮಗು ಪೊಲೀಸರ ಮುಂದೆ, ನ್ಯಾಯಾಧೀಶರ ಮುಂದೆ ಏನೆಂದು ವಿವರಿಸಬೇಕು? ಅಂಥ ಮಕ್ಕಳ ಪಕ್ಕದಲ್ಲಿ ನಾನು ಕುಳಿತಿದ್ದೇನೆ. ಗೊಂಬೆ ಕೊಟ್ಟು ತೋರಿಸಲು ಹೇಳುತ್ತಾರೆ. ಗೊಂಬೆಯಲ್ಲೂ ಎಷ್ಟೋ ಸಲ ಆ ಭಾಗ ಸಪಾಟಾಗಿರುತ್ತದೆ.

2005ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು. 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು, ಕರ್ನಾಟಕವೂ ಅವುಗಳಲ್ಲಿ ಒಂದು. ಮುಖ್ಯ ತಕರಾರು ಅದರ ಚಿತ್ರಗಳ ಬಗ್ಗೆಯೇ ಇತ್ತು. ಆಗ ಶಾಲೆಯಲ್ಲಿದ್ದ ಹುಡುಗಿಯರು ಈಗ ತಾಯಂದಿರು, ಕಪ್ ಹಿಡಿದು ‘ಮೂತ್ರ ಹೇಗೆ ಬರ್ತದೆ’ ಎಂದು ಕೇಳುವವರಲ್ಲಿ ಅವರೂ ಇದ್ದಾರೆ.

ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ಆ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವವರಿಗೂ ಅವರದ್ದೇ ಕಷ್ಟ ಉಂಟು. ಪುಸ್ತಕದಲ್ಲಿಲ್ಲದ ಚಿತ್ರ ಬೋರ್ಡಿನಲ್ಲಿ ಬರೆದರೆ ನಾಳೆ ಪೋಷಕರು ಬಂದು ಕೇಳಿದಾಗ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಪುಸ್ತಕದಲ್ಲೇ ಅಚ್ಚಾಗಿದ್ದರೆ ಅವರು ಧೈರ್ಯವಾಗಿ ಕಲಿಸುತ್ತಾರೆ, ಏಕೆಂದರೆ ಅದು ಪರೀಕ್ಷೆಗೆ ಬರುತ್ತದೆ. ಹಾಗಾಗಿ ನಾನು ಕೇಳುವುದು ಒಂದು ಪುಟ. ಹೆಣ್ಣಿನ ಹೊರಗಿನ ಚಿತ್ರ, ಮೂರು ದ್ವಾರಗಳ ಗುರುತಿನ ಜೊತೆ. ಗಂಡಿನ ಹೊರಗಿನ ಚಿತ್ರ, ಮುಂದೊಗಲಿನ ಜೊತೆ. ಕೆಳಗೆ ಯಾವುದು ಸಹಜ, ಯಾವಾಗ ಡಾಕ್ಟರ ಹತ್ತಿರ ಓಡಬೇಕು ಎಂಬ ಕೆಲವು ವಾಕ್ಯ. ಅದೂ ಹತ್ತನೇ ತರಗತಿಯಲ್ಲಲ್ಲ. ಹುಡುಗಿಯರು ಆರು, ಏಳರಲ್ಲೇ ದೊಡ್ಡವರಾಗುತ್ತಿದ್ದಾರೆ, ಆಗಲೇ ಬೇಕು.

ಪುಸ್ತಕ ಬದಲಾಗುವವರೆಗೆ ಕಾಯಲು ಆಗದೆ, ಪರಿಚಯದ ಒಬ್ಬ ಚಿತ್ರಕಲಾ ಶಿಕ್ಷಕರಿಂದ ಎರಡು ದೊಡ್ಡ ಪಟ ಬರೆಸಿಕೊಂಡಿದ್ದೇನೆ. ಆಸ್ಪತ್ರೆಯ ಸ್ತ್ರೀರೋಗ ತಜ್ಞೆ ಅದನ್ನು ತಿದ್ದಿಕೊಟ್ಟಿದ್ದಾರೆ. ಶಾಲೆಗೆ ಹೋದಾಗ ಒಂದು ಷರತ್ತು ಇಡುತ್ತೇನೆ, ಹುಡುಗಿಯರಿಗೆ ಹೇಳುವಾಗ ಹುಡುಗರನ್ನು ಆಟಕ್ಕೆ ಬಿಡಬಾರದು. ಎರಡೂ ಪಟ ಇಬ್ಬರೂ ನೋಡಬೇಕು. ಆಮೇಲೆ ಬೇಕಾದರೆ ಬೇರೆ ಬೇರೆ ಕೂತು ಪ್ರಶ್ನೆ ಕೇಳಲಿ, ಚೀಟಿಯಲ್ಲಿ ಬರೆದು ಹೆಸರಿಲ್ಲದೆ ಕೊಡಲಿ. ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹಾ ಕ್ಲಿನಿಕ್ ಉಂಟೋ ವಿಚಾರಿಸಿ, ಮುಖ್ಯ ಶಿಕ್ಷಕರ ಸಹಿ ಇರುವ ಒಂದು ಪತ್ರ ಕೊಡಿ. ಕರೆದರೆ ಬರುವುದು ನಮ್ಮ ಕೆಲಸವೇ. ಸಂತಾನೋತ್ಪತ್ತಿ ಪಾಠಕ್ಕೆ ಒಂದು ವಾರ ಮೊದಲು ಕರೆದರೆ ಮಕ್ಕಳಿಗೆ ಪಾಠವೂ ಚೆನ್ನಾಗಿ ಅರ್ಥವಾಗುತ್ತದೆ.